ಜಠರ ಕಿರಿದಾದಾಗ: ತಕ್ಕಡಿ ಹೇಳದ ಲೆಕ್ಕ

ಭೌತವಿಜ್ಞಾನದ ಪಾಠಗಳಲ್ಲಿ ತೂಕವು ಅತಿ ಸುಲಭವಾದ ಅಳತೆಗಳಲ್ಲೊಂದು. ವಸ್ತುವನ್ನು ತಕ್ಕಡಿಯ ಮೇಲಿಟ್ಟರೆ ಮುಳ್ಳು ಒಂದು ಅಂಕೆಯನ್ನು ತೋರಿಸುತ್ತದೆ. ಅದನ್ನು ಬರೆದುಕೊಂಡರೆ ಕೆಲಸ ಮುಗಿಯಿತು. ಆದರೆ ಆ ಮುಳ್ಳು ಎಷ್ಟು ಭಾರವೆಂಬುದನ್ನು ಹೇಳುತ್ತದೆಯೇ ಹೊರತು ಯಾವುದರ ಭಾರವೆಂಬುದನ್ನು ಹೇಳುವುದಿಲ್ಲ. ಒಂದು ಕಿಲೋಗ್ರಾಂ ಬೆಣ್ಣೆಯೂ ಒಂದು ಕಿಲೋಗ್ರಾಂ ಹತ್ತಿಯೂ ಅದರ ಪಾಲಿಗೆ ಒಂದೇ. ಈ ಸಣ್ಣ ಸಂಗತಿಯನ್ನು ಮರೆತರೆ ಎಂತಹ ಕೇಡು ಒದಗಬಹುದೆಂಬುದನ್ನು ನಾವು ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೇ ಕಂಡೆವು.

ನಮ್ಮ ಸೋದರತ್ತೆಯವರಿಗೆ ಆಗ ಐವತ್ತರ ಸಮೀಪದ ವಯಸ್ಸು. ದೇಹದ ತೂಕ 108 ಕಿಲೋಗ್ರಾಂ. ಜೊತೆಗೆ ಸಿಹಿಮೂತ್ರರೋಗ, ಮೊಣಕಾಲಿನ ನೋವು. ಪಥ್ಯ, ನಡಿಗೆ ಯಾವುದರಿಂದಲೂ ಗುಣ ಕಾಣದಿರಲು ವೈದ್ಯರ ಸಲಹೆಯಂತೆ ಜಠರವನ್ನು ಕಿರಿದು ಮಾಡುವ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಎರಡು ತಿಂಗಳಲ್ಲಿ ತೂಕ 18 ಕಿಲೋಗ್ರಾಂ ಇಳಿಯಿತು. ಮನೆಮಂದಿಗೆಲ್ಲ ಸಂತೋಷವೋ ಸಂತೋಷ. ಅವರ ಆಹಾರವೆಂದರೆ ಬೆಲ್ಲ ಹಾಕಿದ ತೆಳು ರಾಗಿಗಂಜಿ, ಎಳನೀರು, ಹಣ್ಣಿನ ರಸ, ಸಾರಿನ ತಿಳಿ, ಎರಡು ಲೋಟ ಕಾಫಿ. ‘ಹಸಿವೇ ಇಲ್ಲ ಕಣಪ್ಪ, ಇಷ್ಟೇ ಸಾಕು’ ಎನ್ನುತ್ತಿದ್ದರು. ಮೂರನೆಯ ತಿಂಗಳಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಒಂದು ದಿನ ಪೂಜೆ ಮುಗಿಸಿ ಮಣೆಯಿಂದ ಏಳಹೋದವರು ಏಳಲಾರದೆ ಹಾಗೆಯೇ ಕುಳಿತುಬಿಟ್ಟರು. ಇಬ್ಬರು ಹಿಡಿದೆತ್ತಬೇಕಾಯಿತು.

ಆಸ್ಪತ್ರೆಯ ಪಥ್ಯಾಹಾರ ತಜ್ಞೆ ಅವರನ್ನು ಕೇಳಿದ ಮೊದಲ ಪ್ರಶ್ನೆ ‘ಎಷ್ಟು ಕಿಲೋ ಇಳಿದಿರಿ?’ ಎಂಬುದಲ್ಲ, ‘ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನು ತಿನ್ನುತ್ತಿದ್ದೀರಿ ಅಮ್ಮ?’ ಎಂಬುದು. ಭೌತವಿಜ್ಞಾನವನ್ನು ಬೋಧಿಸುವ ನಮಗೂ ಆ ಪ್ರಶ್ನೆ ಅದುವರೆಗೆ ಹೊಳೆದಿರಲಿಲ್ಲ. ಆ ಪ್ರಶ್ನೆಯ ಹಿಂದಿರುವ ವಿಜ್ಞಾನವೇನೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಶಸ್ತ್ರಕ್ರಿಯೆಯ ಸ್ವರೂಪ

ಆರೋಗ್ಯವಂತ ಮನುಷ್ಯನ ಜಠರವು ಹೊಟ್ಟೆ ತುಂಬ ಉಂಡಾಗ ಹಿಗ್ಗಿ, ಒಂದು ಲೀಟರು ಅಥವಾ ಅದಕ್ಕೂ ಹೆಚ್ಚು ಆಹಾರವನ್ನು ಹಿಡಿಯಬಲ್ಲುದು. ಇಂದು ಹೆಚ್ಚು ಬಳಕೆಯಲ್ಲಿರುವ ಒಂದು ಶಸ್ತ್ರಕ್ರಿಯೆಯಲ್ಲಿ ಈ ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದುದ್ದವಾಗಿ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಅಂಗಿಯ ತೋಳಿನಂತಹ ಒಂದು ಕಿರಿಯ ಕೊಳವೆ; ಅದರಲ್ಲಿ ಹಿಡಿಯುವುದು 100ರಿಂದ 150 ಮಿಲಿಲೀಟರು. ಇದಕ್ಕೆ ‘ಸ್ಲೀವ್’ ಎಂಬ ಹೆಸರು ಬಂದುದು ಆ ಆಕಾರದಿಂದಲೇ. ಇನ್ನೊಂದು ವಿಧಾನ ‘ಬೈಪಾಸ್’. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲವನ್ನು ಮಾತ್ರ ಬೇರ್ಪಡಿಸಿ ಉಳಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಆಹಾರವು ಜಠರದ ಉಳಿದ ಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಬಳಸಿಕೊಂಡು ಮುಂದೆ ಸಾಗುತ್ತದೆ.

ಈ ವಿದ್ಯೆಯ ಚರಿತ್ರೆಯಲ್ಲಿಯೇ ನಮಗೊಂದು ಪಾಠವುಂಟು. 1954ರಲ್ಲಿ ಅಮೆರಿಕದ ಮಿನೆಸೋಟಾದ ಕ್ರೆಮೆನ್ ಮತ್ತು ಅವರ ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬಳಸಿಹೋಗುವಂತೆ ಮಾಡುವ ಶಸ್ತ್ರಕ್ರಿಯೆಯನ್ನು ವರ್ಣಿಸಿದರು. ಆ ಬಗೆಯ ಶಸ್ತ್ರಕ್ರಿಯೆಯಿಂದ ತೂಕವೇನೋ ಇಳಿಯಿತು. ಆದರೆ ಉಂಡುದು ದೇಹಕ್ಕೆ ದಕ್ಕದೆ ಎಷ್ಟೋ ಮಂದಿಗೆ ಪ್ರೋಟೀನಿನ ಕೊರತೆ, ಯಕೃತ್ತಿನ ರೋಗ, ಮೂತ್ರಪಿಂಡದ ಕಲ್ಲು ತಲೆದೋರಿದುವು. ಕಡೆಗೆ ಅದನ್ನು ಕೈಬಿಡಬೇಕಾಯಿತು. 1966ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಜಠರದ ಬೈಪಾಸನ್ನು ಪ್ರಾರಂಭಿಸಿದರು. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡ ರೋಗಿಗಳು ಮತ್ತೆ ದಪ್ಪವಾಗುವುದಿಲ್ಲವೆಂಬುದನ್ನು ಗಮನಿಸಿ ಮೇಸನ್ ಈ ಮಾರ್ಗವನ್ನು ಹಿಡಿದರು. ತೂಕವನ್ನು ಇಳಿಸುವುದು ಒಂದು ಕೆಲಸ, ದೇಹವನ್ನು ಉಳಿಸುವುದು ಇನ್ನೊಂದು ಕೆಲಸ ಎಂಬುದು ಹೀಗೆ ಮೊದಲಿನಿಂದಲೂ ತಿಳಿದ ಮಾತು.

ಜಠರದ ಮೇಲ್ಭಾಗದಲ್ಲಿ ‘ಗ್ರೆಲಿನ್’ ಎಂಬ ಒಂದು ರಸದೂತವು ಹುಟ್ಟಿ ಹಸಿವನ್ನು ಪ್ರೇರಿಸುತ್ತದೆ. ಇದನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಸ್ಲೀವ್ ಶಸ್ತ್ರಕ್ರಿಯೆಯಲ್ಲಿ ಆ ಭಾಗವೇ ಹೋಗುವುದರಿಂದ ಹಸಿವು ಬಹುಮಟ್ಟಿಗೆ ಅಡಗುತ್ತದೆ. ನಮ್ಮ ಅತ್ತೆಯವರ ‘ಹಸಿವೇ ಇಲ್ಲ’ ಎಂಬ ಮಾತು ಸುಳ್ಳಲ್ಲ. ಆದರೆ ಹಸಿವಿಲ್ಲವೆಂದ ಮಾತ್ರಕ್ಕೆ ದೇಹಕ್ಕೆ ಆಹಾರ ಬೇಡವೆಂದಲ್ಲ. ಗಂಟೆ ಹೊಡೆಯುವುದು ನಿಂತ ಗಡಿಯಾರದಲ್ಲಿಯೂ ಮುಳ್ಳು ತಿರುಗುತ್ತಲೇ ಇರುತ್ತದೆ. ಶಸ್ತ್ರಕ್ರಿಯೆಯಾದವರು ಹಸಿವನ್ನು ಕಾಯದೆ ಹೊತ್ತುಹೊತ್ತಿಗೆ ತಿನ್ನಬೇಕೆಂದು ವೈದ್ಯರು ಹೇಳುವುದು ಈ ಕಾರಣದಿಂದ.

ಮೊದಲನೆಯ ಲೆಕ್ಕ: ಶಕ್ತಿ

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಏರಿಸಲು ಬೇಕಾದ ಶಾಖವೇ ಒಂದು ಕಿಲೋಕ್ಯಾಲೊರಿ. ಆಹಾರದ ಮಾತಿನಲ್ಲಿ ಇದನ್ನೇ ಕ್ಯಾಲೊರಿ ಎನ್ನುವುದು ರೂಢಿ. ನಾವೂ ಹಾಗೆಯೇ ಕರೆಯೋಣ. ಒಬ್ಬ ಮನುಷ್ಯನು ದಿನಕ್ಕೆ 2,000 ಕ್ಯಾಲೊರಿ ವ್ಯಯಿಸುತ್ತಾನೆಂದಿಟ್ಟುಕೊಳ್ಳಿರಿ. ಅಷ್ಟು ಶಾಖದಿಂದ 20 ಲೀಟರು ಮಂಜಿನಷ್ಟು ತಣ್ಣನೆಯ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ದಿನದ 86,400 ಸೆಕೆಂಡುಗಳಿಗೆ ಅದನ್ನು ಹಂಚಿದರೆ ಸುಮಾರು 97 ವಾಟ್ ಆಗುತ್ತದೆ. ಅಂದರೆ ಸುಮ್ಮನೆ ಓಡಾಡಿಕೊಂಡಿರುವ ಮನುಷ್ಯನು ಹಗಲಿರುಳೂ ಉರಿಯುವ ಒಂದು ನೂರು ವಾಟಿನ ದೀಪವಿದ್ದಂತೆ!

ಈ ದೀಪವು ಶಕ್ತಿನಿತ್ಯತೆಯ ನಿಯಮಕ್ಕೆ ಬದ್ಧವಾಗಿದೆಯೆ? 1890ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನವಿಜ್ಞಾನಿ ಆಟ್‌ವಾಟರ್ ಮತ್ತು ಭೌತವಿಜ್ಞಾನಿ ರೋಸಾ ಇಬ್ಬರೂ ಸೇರಿ ಇದನ್ನು ಪರೀಕ್ಷಿಸಲು ಒಂದು ವಿಚಿತ್ರವಾದ ಕೋಣೆಯನ್ನು ಕಟ್ಟಿದರು. ಅದರೊಳಗೆ ಒಬ್ಬ ಮನುಷ್ಯನು ಹಲವು ದಿನ ಉಂಡು, ಮಲಗಿ, ಕೆಲಸಮಾಡಿಕೊಂಡು ಇರುತ್ತಿದ್ದನು. ಅವನ ಮೈಯಿಂದ ಹೊರಟ ಶಾಖವನ್ನು ಕೊಳವೆಗಳಲ್ಲಿ ಹರಿಯುವ ನೀರು ಹೀರಿಕೊಳ್ಳುತ್ತಿತ್ತು. ನೀರಿನ ಉಷ್ಣತೆಯ ಏರಿಕೆಯನ್ನು ಅಳೆದು ಶಾಖವನ್ನು ಗಣಿಸುತ್ತಿದ್ದರು. ಒಳಗೆ ಹೋದ ಶಕ್ತಿಗೂ ಹೊರಗೆ ಬಂದ ಶಕ್ತಿಗೂ ಒಟ್ಟಿನ ಮೇಲೆ ಶೇಕಡಾ ಒಂದರಷ್ಟೂ ವ್ಯತ್ಯಾಸವಿರಲಿಲ್ಲ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ 4, ಒಂದು ಗ್ರಾಂ ಪ್ರೋಟೀನಿನಿಂದ 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುತ್ತವೆಂದು ನಾವು ಇಂದು ಬಳಸುವ ಅಂಕೆಗಳು ಆಟ್‌ವಾಟರ್ ಅವರ ಶ್ರಮದ ಫಲ.

ಶಸ್ತ್ರಕ್ರಿಯೆಯಾದ ಮೊದಲ ಒಂದೆರಡು ತಿಂಗಳಲ್ಲಿ ರೋಗಿಯ ದಿನದ ಆಹಾರ ಸಾಮಾನ್ಯವಾಗಿ 400ರಿಂದ 800 ಕ್ಯಾಲೊರಿಯನ್ನು ಮೀರುವುದಿಲ್ಲ. ಮುಂದೆ ಮೆಲ್ಲಮೆಲ್ಲನೆ ಅದು 1,000–1,200ಕ್ಕೆ ಏರುತ್ತದೆ. ವ್ಯಯ 2,000, ಆದಾಯ 800 ಎಂದಾದರೆ ದಿನಕ್ಕೆ 1,200 ಕ್ಯಾಲೊರಿಗಳ ಕೊರತೆ. ದೇಹವು ತನ್ನ ಉಗ್ರಾಣದಿಂದ ಅದನ್ನು ತುಂಬಿಕೊಳ್ಳಬೇಕು. ದೇಹದ ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ಆದುದರಿಂದ ಕೊರತೆಯೆಲ್ಲವನ್ನೂ ಕೊಬ್ಬೇ ತುಂಬಿದರೆ ದಿನಕ್ಕೆ 156 ಗ್ರಾಂ ಕರಗಬೇಕು. ಶಸ್ತ್ರಕ್ರಿಯೆಯ ಉದ್ದೇಶವೇ ಇದು. ಇಲ್ಲಿಗೆ ಎಲ್ಲವೂ ಸರಿಯೆಂದು ತೋರುತ್ತದೆ. ಆದರೆ ಇದು ಅರ್ಧ ಲೆಕ್ಕ ಮಾತ್ರ.

ಎರಡನೆಯ ಲೆಕ್ಕ: ಪ್ರೋಟೀನು

‘ಪ್ರೋಟೀನು’ ಎಂಬ ಹೆಸರು 1838ರಲ್ಲಿ ಮುಲ್ಡರ್ ಎಂಬ ಡಚ್ ರಸಾಯನವಿಜ್ಞಾನಿಯ ಬರಹದಲ್ಲಿ ಮೊದಲು ಕಾಣಿಸಿಕೊಂಡಿತು. ಗ್ರೀಕ್ ಭಾಷೆಯಲ್ಲಿ ಅದರ ಮೂಲಾರ್ಥ ‘ಮೊದಲನೆಯದು’ ಎಂದು. ಕನ್ನಡದ ಪಠ್ಯಪುಸ್ತಕಗಳು ಇದನ್ನು ‘ಸಸಾರಜನಕ’ ಎಂದು ಕರೆದುವು. ಈ ಹೆಸರು ಇನ್ನೂ ಅರ್ಥವತ್ತಾದುದು. ಏಕೆಂದರೆ ರಹಸ್ಯವೆಲ್ಲ ಆ ಹೆಸರಿನಲ್ಲಿಯೇ ಇದೆ. ಪಿಷ್ಟ, ಸಕ್ಕರೆ, ಕೊಬ್ಬುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳುಂಟು, ಸಾರಜನಕವಿಲ್ಲ. ಪ್ರೋಟೀನಿನಲ್ಲಿ ಮಾತ್ರ ತೂಕದ ಸುಮಾರು ಶೇಕಡಾ 16ರಷ್ಟು ಸಾರಜನಕವುಂಟು. ಒಬ್ಬನ ಮೈಯಲ್ಲಿ 50 ಕಿಲೋಗ್ರಾಂ ಕೊಬ್ಬು ಶೇಖರವಾಗಿದ್ದರೂ ಅದರಿಂದ ಒಂದು ಗ್ರಾಂ ಪ್ರೋಟೀನನ್ನೂ ಕಟ್ಟಲಾಗದು. ಶಕ್ತಿಯ ವಿಷಯದಲ್ಲಿ ಶ್ರೀಮಂತನಾದವನು ಪ್ರೋಟೀನಿನ ವಿಷಯದಲ್ಲಿ ಬಡವನಾಗಿರಬಹುದು.

ಇನ್ನೊಂದು ತೊಡಕೆಂದರೆ ಪ್ರೋಟೀನಿಗೆ ಉಗ್ರಾಣವಿಲ್ಲ. ಹೆಚ್ಚಾದ ಸಕ್ಕರೆ, ಕೊಬ್ಬುಗಳನ್ನು ದೇಹವು ಕೊಬ್ಬಾಗಿ ಕೂಡಿಡುತ್ತದೆ. ಮೈಯಲ್ಲಿರುವ ಪ್ರೋಟೀನಾದರೋ ಪ್ರತಿಯೊಂದೂ ಒಂದೊಂದು ಕೆಲಸಕ್ಕೆ ನಿಂತಿರುವಂಥದು: ತೋಳಿನ ಮಾಂಸಖಂಡ, ಹೃದಯದ ಗೋಡೆ, ರಕ್ತದ ಹಿಮೋಗ್ಲೋಬಿನ್, ಜೀರ್ಣರಸಗಳ ಕಿಣ್ವಗಳು, ರೋಗಗಳನ್ನು ತಡೆಯುವ ಪ್ರತಿಕಾಯಗಳು. ಇವು ದಿನದಿನವೂ ಒಡೆದು ಮತ್ತೆ ಕಟ್ಟಲ್ಪಡುತ್ತಿರುತ್ತವೆ. ಒಡೆದುದರಲ್ಲಿ ಸ್ವಲ್ಪ ಭಾಗ ಮೂತ್ರದ ಮೂಲಕ ಹೊರಬೀಳುತ್ತದೆ. ಅಷ್ಟನ್ನು ಆಹಾರವು ಪ್ರತಿದಿನವೂ ತಂದುಕೊಡಬೇಕು. ತಾರದಿದ್ದರೆ ದೇಹವು ಮಾಂಸಖಂಡವನ್ನೇ ಬಿಚ್ಚಿ ಹೆಚ್ಚು ಅಗತ್ಯವಾದ ಕಡೆಗೆ ಸಾಗಿಸುತ್ತದೆ.

ಮಿದುಳಿನ ಬೇಡಿಕೆಯೂ ಇದಕ್ಕೆ ಸೇರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ಉರಿಸುತ್ತದೆ. ಯಕೃತ್ತಿನಲ್ಲಿರುವ ಶೇಖರಣೆ ಸುಮಾರು 100 ಗ್ರಾಂ. ಅದು ಒಂದು ದಿನದ ಮಾತು. ಕೊಬ್ಬಿನ ಆಮ್ಲಗಳನ್ನು ನಮ್ಮ ದೇಹವು ಗ್ಲೂಕೋಸಾಗಿ ಮಾರ್ಪಡಿಸಲಾರದು, ಪ್ರೋಟೀನನ್ನು ಮಾರ್ಪಡಿಸಬಲ್ಲುದು. ಕೆಲವು ದಿನಗಳ ಮೇಲೆ ಮಿದುಳು ಕೊಬ್ಬಿನಿಂದ ಬರುವ ಕೀಟೋನು ಎಂಬ ವಸ್ತುಗಳನ್ನು ಬಳಸಲು ಕಲಿಯುತ್ತದೆ. ಅದರಿಂದ ಮಾಂಸಖಂಡದ ಮೇಲಿನ ಒತ್ತಡ ತಗ್ಗುತ್ತದೆಯಾದರೂ ಪೂರ್ತಿ ಹೋಗುವುದಿಲ್ಲ.

ಈ ಎರಡು ಲೆಕ್ಕಗಳಿಗೂ ಪರಸ್ಪರ ಸಂಬಂಧವಿದೆ. ಶಕ್ತಿ ತೀರ ಕಡಮೆಯಾದರೆ ತಿಂದ ಪ್ರೋಟೀನೂ ಉರುವಲಾಗಿ ಹೋಗುತ್ತದೆ. ಮನೆಗೆ ತೊಲೆಯಾಗಲೆಂದು ತಂದ ಮರವನ್ನು ಸೌದೆಯಿಲ್ಲದೆ ಒಲೆಗೆ ಹಾಕಿದಂತೆ ಅದು. ಆದುದರಿಂದ ‘ಎಷ್ಟು ಕಡಮೆ ತಿಂದರೆ ಅಷ್ಟು ಒಳ್ಳೆಯದು’ ಎಂಬ ಮಾತು ಶಸ್ತ್ರಕ್ರಿಯೆಯಾದವರ ಪಾಲಿಗೆ ಶುದ್ಧ ತಪ್ಪು.

ತೂಕವು ಬೇಗನೆ ಇಳಿದರೆ

ಈಗ ತಕ್ಕಡಿಗೆ ಮರಳೋಣ. ಮಾಂಸಖಂಡದಲ್ಲಿ ಬಹುಪಾಲು ನೀರು. ಪ್ರೋಟೀನು ಐದರಲ್ಲಿ ಒಂದು ಪಾಲು ಮಾತ್ರ. ಒಂದು ಕಿಲೋಗ್ರಾಂ ಮಾಂಸಖಂಡದಲ್ಲಿ 200 ಗ್ರಾಂ ಪ್ರೋಟೀನೆಂದರೆ 800 ಕ್ಯಾಲೊರಿ. ನಮ್ಮ ಉದಾಹರಣೆಯ 1,200 ಕ್ಯಾಲೊರಿ ಕೊರತೆಯನ್ನು ಕೊಬ್ಬಿನಿಂದ ತುಂಬಲು 156 ಗ್ರಾಂ ಸಾಕಷ್ಟೆ. ಅದನ್ನೇ ಮಾಂಸಖಂಡದಿಂದ ತುಂಬಬೇಕಾದರೆ ಒಂದೂವರೆ ಕಿಲೋಗ್ರಾಂ ಬೇಕು! ಕೊರತೆ ಒಂದೇ, ತಕ್ಕಡಿಯ ಮುಳ್ಳು ಮಾತ್ರ ಹೆಚ್ಚುಕಡಮೆ ಹತ್ತರಷ್ಟು ಹೆಚ್ಚು ಇಳಿಯುತ್ತದೆ. ನಿಜವಾಗಿ ಎರಡೂ ಬೆರೆತು ಕರಗುತ್ತವೆಯೇ ಹೊರತು ಒಂದೇ ಕರಗುವುದಿಲ್ಲ. ಆದರೂ ಇದರ ತಾತ್ಪರ್ಯವನ್ನು ಗಮನಿಸಿರಿ: ಮಾಂಸಖಂಡವು ಕರಗಿದಷ್ಟೂ ತೂಕ ಬೇಗ ಇಳಿಯುತ್ತದೆ. ತಕ್ಕಡಿಯೊಂದನ್ನೇ ನಂಬಿ ಹಿಗ್ಗುವವರು ತಮಗರಿಯದಂತೆ ತಮ್ಮ ಬಲವೇ ಕರಗಲೆಂದು ಹಾರೈಸಿದಂತಾಗುತ್ತದೆ.

ನಮ್ಮ ಅತ್ತೆಯವರ ಲೆಕ್ಕವನ್ನು ನಾವು ಆಮೇಲೆ ಕಾಗದದ ಮೇಲೆ ಮಾಡಿ ನೋಡಿದೆವು. ದಿನದ ವ್ಯಯ 1,900 ಕ್ಯಾಲೊರಿ, ಆದಾಯ 500 ಎಂದು ಅಂದಾಜು. 60 ದಿನಗಳ ಒಟ್ಟು ಕೊರತೆ 84,000 ಕ್ಯಾಲೊರಿ. ಎಲ್ಲವೂ ಕೊಬ್ಬಿನಿಂದ ಬಂದಿದ್ದರೆ 11 ಕಿಲೋಗ್ರಾಂ ಇಳಿಯಬೇಕಾಗಿತ್ತು; ಇಳಿದುದು 18. ಉಳಿದುದರಲ್ಲಿ ಒಂದು ಭಾಗ ನೀರು. ಮೊದಲ ವಾರಗಳಲ್ಲಿ ಅದು ಹೋಗುವುದು ಸಹಜ. ಮಿಕ್ಕದ್ದು? ಮಣೆಯಿಂದ ಏಳಲಾರದೆ ಕುಳಿತ ಆ ಗಳಿಗೆಯೇ ಅದಕ್ಕೆ ಉತ್ತರ. ನಾವು ಸಿಹಿ ಹಂಚಿ ಸಂತೋಷಪಟ್ಟ ಕಿಲೋಗ್ರಾಂಗಳಲ್ಲಿ ಕೆಲವು ಅವರ ತೊಡೆಯ ಸ್ನಾಯುಗಳಾಗಿದ್ದುವು.

ಎರಡು ಹಳೆಯ ಪಾಠಗಳು

ಆಹಾರದ ಕೊರತೆಯ ಪರಿಣಾಮಗಳನ್ನು ಕ್ರಮಬದ್ಧವಾಗಿ ಅಳೆದ ಪ್ರಸಿದ್ಧ ಪ್ರಯೋಗವೊಂದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ 36 ಮಂದಿ ಆರೋಗ್ಯವಂತ ತರುಣರು ಸ್ವಯಿಚ್ಛೆಯಿಂದ 24 ವಾರಗಳ ಕಾಲ ದಿನಕ್ಕೆ ಸುಮಾರು 1,600 ಕ್ಯಾಲೊರಿಯ ಅರೆಹೊಟ್ಟೆಯಲ್ಲಿದ್ದರು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ನಾಡಿ ನಿಧಾನವಾಯಿತು, ಬಲ ಕುಗ್ಗಿತು, ಸದಾ ಚಳಿಯೆನಿಸತೊಡಗಿತು. ದೇಹವೆಂಬ ದೀಪವು ಎಣ್ಣೆ ಕಡಮೆಯಾದಾಗ ತನ್ನ ಬತ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆಂಬುದು ಇದರಿಂದ ಸ್ಪಷ್ಟವಾಯಿತು. ಆ ತರುಣರ ಮೈಯಲ್ಲಿ ಕೊಬ್ಬಿನ ಶೇಖರಣೆ ಅಲ್ಪ. ಶಸ್ತ್ರಕ್ರಿಯೆಯಾದವರಲ್ಲಿ ಅದು ಹೇರಳ. ಆದುದರಿಂದ ಇಬ್ಬರೂ ಒಂದೇ ಅಲ್ಲ. ಆದರೆ ಬತ್ತಿಯನ್ನು ತಗ್ಗಿಸುವ ಗುಣ ಇಬ್ಬರಿಗೂ ಉಂಟು.

ಎರಡನೆಯ ಪಾಠ ಇನ್ನೂ ಕಠೋರ. 1976ರ ಸುಮಾರಿಗೆ ಅಮೆರಿಕದಲ್ಲಿ ‘ದ್ರವ ಪ್ರೋಟೀನು’ ಎಂಬ ಪಾನೀಯವನ್ನು ಮಾತ್ರ ಕುಡಿದು ತೂಕ ಇಳಿಸುವ ಹುಚ್ಚು ಹರಡಿತು. ದಿನಕ್ಕೆ ಮುನ್ನೂರು ನಾನೂರು ಕ್ಯಾಲೊರಿ, ಅದೂ ಚರ್ಮ ಮತ್ತು ಸ್ನಾಯುಬಂಧಗಳಿಂದ ತೆಗೆದ ಕೊಲ್ಲಾಜೆನ್ ಎಂಬ ಕೀಳುದರ್ಜೆಯ ಪ್ರೋಟೀನಿನಿಂದ. 1977–78ರಲ್ಲಿ ಸುಮಾರು 60 ಸಾವುಗಳನ್ನು ಅಲ್ಲಿನ ಸರಕಾರಿ ಸಂಸ್ಥೆಗಳು ತನಿಖೆಮಾಡಬೇಕಾಯಿತು. ಬೇರೆ ರೋಗವಿಲ್ಲದಿದ್ದ ಕೆಲವರು ಹೃದಯದ ಬಡಿತ ತಾಳತಪ್ಪಿ ಸತ್ತಿದ್ದರು. ಖನಿಜಗಳ ಕೊರತೆಯೂ ಅದಕ್ಕೆ ಕಾರಣವಾಗಿದ್ದಿರಬಹುದು. ಆದರೆ ಹೃದಯವೂ ಒಂದು ಮಾಂಸಖಂಡವೆಂಬುದನ್ನು ಮರೆಯಬಾರದು.

ಪ್ರೋಟೀನು ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಸರಪಣಿ. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹವು ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಕೊಲ್ಲಾಜೆನ್‌ನಲ್ಲಿ ಟ್ರಿಪ್ಟೊಫೇನ್ ಎಂಬುದು ಇಲ್ಲವೇ ಇಲ್ಲ. ಅಕ್ಷರವೊಂದು ಇಲ್ಲದ ಅಚ್ಚುಮೊಳೆಗಳಿಂದ ಪುಸ್ತಕ ಮುದ್ರಿಸಲು ಹೊರಟಂತೆ! ಹಾಲು, ಮೊಟ್ಟೆ, ಮೀನು, ಮಾಂಸ, ಸೋಯಾ ಇವುಗಳ ಪ್ರೋಟೀನಿನಲ್ಲಿ ಒಂಬತ್ತೂ ಸಾಕಷ್ಟಿವೆ. ಧಾನ್ಯಗಳಲ್ಲಿ ಲೈಸಿನ್ ಕಡಮೆ. ಬೇಳೆಗಳಲ್ಲಿ ಮೆಥಿಯೊನಿನ್ ಕಡಮೆ. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಿಸಿಬೇಳೆ ಅನ್ನವನ್ನು ಮೊದಲು ಮಾಡಿದವರು ಅಮೈನೋ ಆಮ್ಲಗಳ ಹೆಸರು ಕೇಳಿರಲಿಲ್ಲ. ಆದರೂ ಅವರ ಪಾಕ ಸರಿಯಾಗಿತ್ತು. 1950ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ತನ್ನ ಮೊದಲ ವರ್ಷಗಳಲ್ಲಿಯೇ ಕಡಲೆಕಾಯಿಯ ಹಿಟ್ಟಿಗೆ ಕಡಲೆಹಿಟ್ಟನ್ನು ಬೆರೆಸಿ ಪ್ರೋಟೀನು ತುಂಬಿದ ‘ಬಹೂಪಯೋಗಿ ಆಹಾರ’ವನ್ನು ಸಿದ್ಧಪಡಿಸಿತು. ಹೊಟ್ಟೆ ತುಂಬುವುದು ಬೇರೆ, ಪೋಷಣೆಯಾಗುವುದು ಬೇರೆ ಎಂಬ ಅರಿವೇ ಅದರ ಮೂಲ.

ಬಟ್ಟಲಿನ ಗಣಿತ

ಹಾಗಾದರೆ ಎಷ್ಟು ಪ್ರೋಟೀನು ಬೇಕು? ಆರೋಗ್ಯವಂತ ವಯಸ್ಕರಿಗೆ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಶಿಫಾರಸು ಮಾಡಿದೆ. ಶಸ್ತ್ರಕ್ರಿಯೆಯಾದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕೆಂದೂ, ಎತ್ತರಕ್ಕೆ ತಕ್ಕ ಆದರ್ಶ ತೂಕದ ಪ್ರತಿ ಕಿಲೋಗ್ರಾಂಗೆ 1.5 ಗ್ರಾಂವರೆಗೆ ಬೇಕಾಗಬಹುದೆಂದೂ ತಜ್ಞರು ಹೇಳುತ್ತಾರೆ. ಜಠರ ಕಿರಿದಾಯಿತು, ಆದರೆ ಪ್ರೋಟೀನಿನ ಬೇಡಿಕೆ ಹೆಚ್ಚಿತು; ಸಮಸ್ಯೆಯ ಗಂಟು ಇರುವುದು ಇಲ್ಲಿ.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಸಾಂದ್ರತೆಯ ಪ್ರಶ್ನೆ. ಒಂದು ಹೊತ್ತಿಗೆ ಹಿಡಿಯುವುದು ಸುಮಾರು 100 ಮಿಲಿಲೀಟರಿನ ಒಂದು ಪುಟ್ಟ ಬಟ್ಟಲು; ದಿನಕ್ಕೆ ಆರು ಹೊತ್ತು. ಪ್ರತಿ ಬಟ್ಟಲಿನಲ್ಲಿ ಎಷ್ಟು ಗ್ರಾಂ ಪ್ರೋಟೀನು ಅಡಕವಾಗಿದೆ ಎಂಬುದೇ ಮುಖ್ಯ. ಹತ್ತು ಗ್ರಾಂ ಹಿಟ್ಟಿನಿಂದ ಮಾಡಿದ ಒಂದು ಬಟ್ಟಲು ತೆಳು ರಾಗಿಗಂಜಿಯಲ್ಲಿ ಪ್ರೋಟೀನು 0.7 ಗ್ರಾಂ. ಆರು ಬಟ್ಟಲು ಕುಡಿದರೂ ನಾಲ್ಕು ಗ್ರಾಂ. ಎಳನೀರಿನಲ್ಲಿ ಇಲ್ಲವೆನ್ನುವಷ್ಟು ಅಲ್ಪ. ರಾಗಿ ಒಳ್ಳೆಯ ಧಾನ್ಯ, ಎಳನೀರು ಒಳ್ಳೆಯ ಪಾನೀಯ. ಆದರೆ ಈ ಬಟ್ಟಲಿನಲ್ಲಿ ಅವುಗಳಿಗೇ ಎಲ್ಲ ಸ್ಥಳವನ್ನೂ ಕೊಡಲಾಗದು.

ಮೆತ್ತನೆಯ ಆಹಾರವನ್ನು ತಿನ್ನಲು ವೈದ್ಯರ ಅಪ್ಪಣೆಯಾದ ಮೇಲೆ ನಮ್ಮ ಅಡಿಗೆಮನೆಯಿಂದಲೇ ಆರು ಬಟ್ಟಲುಗಳನ್ನು ತುಂಬಿ ನೋಡೋಣ. ಅಂಕೆಗಳು ಸ್ಥೂಲವಾದುವು.

ಹಾಲು 100 ಮಿಲಿಲೀಟರು, ಅದರಲ್ಲಿ ಕರಗಿಸಿದ ಕೆನೆರಹಿತ ಹಾಲಿನ ಪುಡಿ 10 ಗ್ರಾಂ: 6.5 ಗ್ರಾಂ
ಬೇಯಿಸಿದ ಮೊಟ್ಟೆ ಒಂದು: 6 ಗ್ರಾಂ
ಗಟ್ಟಿ ತೊವ್ವೆ 100 ಗ್ರಾಂ: 6 ಗ್ರಾಂ
ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು 100 ಗ್ರಾಂ: 7 ಗ್ರಾಂ
ಪನೀರು 50 ಗ್ರಾಂ: 9 ಗ್ರಾಂ
ಮತ್ತೊಮ್ಮೆ ಹಾಲು ಮತ್ತು ಹಾಲಿನ ಪುಡಿ: 6.5 ಗ್ರಾಂ

ಒಟ್ಟು 41 ಗ್ರಾಂ. ಮೊಟ್ಟೆ ತಿನ್ನದವರು ಅದರ ಸ್ಥಾನದಲ್ಲಿ 30 ಗ್ರಾಂ ಪನೀರನ್ನು ಇಟ್ಟುಕೊಳ್ಳಬಹುದು. ಮೀನು, ಕೋಳಿ ತಿನ್ನುವವರಿಗೆ ಕೆಲಸ ಇನ್ನೂ ಸುಲಭ. 50 ಗ್ರಾಂ ಬೆಂದ ಕೋಳಿಮಾಂಸದಲ್ಲಿ 13 ಗ್ರಾಂಗಿಂತ ಕಡಮೆಯಿಲ್ಲ. ಬಟ್ಟಲುಗಳನ್ನು ಇಷ್ಟು ಎಚ್ಚರದಿಂದ ತುಂಬಿದರೂ 60ಕ್ಕೆ ಇನ್ನೂ 19 ಗ್ರಾಂ ಕೊರತೆ. ವೈದ್ಯರು ಮೊದಲ ತಿಂಗಳುಗಳಲ್ಲಿ ಹಾಲೊಡಕಿನ ಪ್ರೋಟೀನು ಪುಡಿಯನ್ನು ಬರೆದುಕೊಡುವುದು ಏಕೆಂಬುದು ಈಗ ಅರ್ಥವಾದೀತು. ಅದರ 25 ಗ್ರಾಂನಲ್ಲಿ ಸುಮಾರು 20 ಗ್ರಾಂ ಪ್ರೋಟೀನಿರುತ್ತದೆ. ಅದು ಷೋಕಿಯ ವಸ್ತುವಲ್ಲ. ಲೆಕ್ಕ ಕೂಡಿಸುವ ಕೊನೆಯ ಸಾಲು. ಈ ಇಡೀ ದಿನದ ಶಕ್ತಿ ಸುಮಾರು 700 ಕ್ಯಾಲೊರಿ. ಎರಡು ಲೆಕ್ಕಗಳೂ ಒಟ್ಟಿಗೆ ಸರಿಹೋದುವು.

ಇದರಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ತಟ್ಟೆಯಲ್ಲಿ ಪ್ರೋಟೀನಿನ ಪದಾರ್ಥವನ್ನು ಮೊದಲು ತಿನ್ನಬೇಕು. ಅನ್ನ, ಮುದ್ದೆಗಳ ಸರದಿ ಆಮೇಲೆ. ಊಟದ ಜೊತೆ ನೀರು ಕುಡಿದರೆ ಬಟ್ಟಲಿನ ಜಾಗವೆಲ್ಲ ನೀರಿನ ಪಾಲಾಗುತ್ತದೆ. ಆದುದರಿಂದ ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರವಿರಲಿ. ಆದರೆ ದಿನವಿಡೀ ಗುಟುಕುಗುಟುಕಾಗಿ ಸುಮಾರು ಒಂದೂವರೆ ಲೀಟರು ನೀರು ಹೋಗಲೇಬೇಕು. ತುತ್ತನ್ನು ಚೆನ್ನಾಗಿ ಅಗಿಯಬೇಕು, ಅವಸರ ಕೂಡದು.

ಸಕ್ಕರೆಯ ಪಾನಕಗಳನ್ನು ದೂರವಿಡಬೇಕೆನ್ನುವುದಕ್ಕೂ ಭೌತವಿಜ್ಞಾನದ ಕಾರಣವುಂಟು. ಬೈಪಾಸ್ ಆದವರಲ್ಲಿ ಸಾಂದ್ರವಾದ ಸಕ್ಕರೆಯ ದ್ರಾವಣವು ತಡೆಯಿಲ್ಲದೆ ಸಣ್ಣ ಕರುಳಿಗೆ ಧುಮುಕುತ್ತದೆ. ಒಣದ್ರಾಕ್ಷಿಯು ನೀರಿನಲ್ಲಿ ಉಬ್ಬುವುದನ್ನು ಪ್ರಯೋಗಶಾಲೆಯಲ್ಲಿ ನೀವು ನೋಡಿದ್ದೀರಷ್ಟೆ. ಆ ಅಭಿಸರಣದ ನಿಯಮದಂತೆಯೇ ರಕ್ತದಲ್ಲಿನ ನೀರು ಕರುಳಿನೊಳಕ್ಕೆ ಸೆಳೆಯಲ್ಪಡುತ್ತದೆ. ಹೊಟ್ಟೆ ನುಲಿಯುವುದು, ಎದೆ ಬಡಿದುಕೊಳ್ಳುವುದು, ಬೆವರು, ತಲೆಸುತ್ತು ಅದರ ಫಲ.

ಮರೆಯಬಾರದ ಮಾತುಗಳು

ಕಬ್ಬಿಣ, ಸುಣ್ಣದ ಅಂಶ, ಬಿ-12 ಮತ್ತು ಡಿ ಜೀವಸತ್ವಗಳ ಗುಳಿಗೆಗಳನ್ನು ವೈದ್ಯರು ಹೇಳಿದಂತೆ ಜೀವಮಾನಪರ್ಯಂತ ತೆಗೆದುಕೊಳ್ಳಬೇಕು. ಬಿ-1 ಎಂಬ ಥಯಮಿನ್ನಿನ ಶೇಖರಣೆ ದೇಹದಲ್ಲಿ ಎರಡು ಮೂರು ವಾರಗಳಿಗೆ ಮಾತ್ರ ಸಾಕಾಗುತ್ತದೆ. ಶಸ್ತ್ರಕ್ರಿಯೆಯ ಮೇಲೆ ವಾಂತಿ ನಿಲ್ಲದಿದ್ದರೆ ಅದು ಬೇಗ ಬರಿದಾಗಿ, ಮಿದುಳಿಗೆ ಶಾಶ್ವತವಾದ ಹಾನಿಯಾಗಬಹುದು. ವಾಂತಿ ಬಿಡದಿರುವುದು, ಕಣ್ಣು ಮಂಜಾಗುವುದು, ನಡಿಗೆ ತಪ್ಪುವುದು, ಕಾಲಿನಲ್ಲಿ ಬಾವು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಮೂತ್ರಪಿಂಡದ ರೋಗವಿರುವವರಿಗೆ ಪ್ರೋಟೀನಿನ ಪ್ರಮಾಣವೇ ಬೇರೆ. ಅದನ್ನು ವೈದ್ಯರೇ ಗೊತ್ತುಮಾಡಬೇಕು.

ಪ್ರೋಟೀನು ಇಟ್ಟಿಗೆಯಾದರೆ ವ್ಯಾಯಾಮವೇ ಗಾರೆಯವನು. ದುಡಿಯುವ ಸ್ನಾಯುವನ್ನು ದೇಹವು ಉಳಿಸಿಕೊಳ್ಳುತ್ತದೆ, ದುಡಿಯದುದನ್ನು ಬಿಚ್ಚಿಬಿಡುತ್ತದೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ಸಣ್ಣ ಭಾರಗಳನ್ನು ಎತ್ತುವುದು ಇವೆಲ್ಲ ಔಷಧಕ್ಕೆ ಸಮಾನ. ಇತ್ತೀಚೆಗೆ ಹಸಿವನ್ನು ತಗ್ಗಿಸುವ ಚುಚ್ಚುಮದ್ದುಗಳಿಂದ ತೂಕ ಇಳಿಸಿಕೊಳ್ಳುವವರೂ ಹೆಚ್ಚುತ್ತಿದ್ದಾರೆ. ಅವರ ಜಠರ ಕಿರಿದಾಗಿಲ್ಲ, ಆದರೆ ಊಟ ಕಿರಿದಾಗಿದೆ. ಆದುದರಿಂದ ಈ ಎರಡು ಲೆಕ್ಕಗಳು ಅವರಿಗೂ ತಪ್ಪಿದುವಲ್ಲ.

ನಮ್ಮ ಅತ್ತೆಯವರ ಕಥೆಯನ್ನು ಮುಗಿಸಬೇಕು. ಮೇಲೆ ಹೇಳಿದ ಆರು ಬಟ್ಟಲುಗಳ ಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದೆವು. ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗಳು ದಿನವೂ ಅಂಕೆಗಳನ್ನು ಕೂಡಿ ಬರೆಯುತ್ತಿದ್ದಳು. ತಮಾಷೆಯೆಂದರೆ ಆ ತಿಂಗಳು ತಕ್ಕಡಿಯ ಮುಳ್ಳು ಮೊದಲಿನಂತೆ ಓಡಲಿಲ್ಲ, ನಿಧಾನವಾಗಿ ಇಳಿಯಿತು. ಶಸ್ತ್ರಕ್ರಿಯೆ ವಿಫಲವಾಯಿತೇನೋ ಎಂದು ಮನೆಯವರಿಗೆಲ್ಲ ಕಳವಳ. ವಿಫಲವಾಗಿರಲಿಲ್ಲ, ಇಳಿಯಬೇಕಾದುದು ಮಾತ್ರ ಇಳಿಯುತ್ತಿತ್ತು. ಯುಗಾದಿಯ ದಿನ ಅವರು ಪೂಜೆ ಮುಗಿಸಿ, ಯಾರ ಕೈಯನ್ನೂ ಹಿಡಿಯದೆ ಮಣೆಯಿಂದ ಎದ್ದು ನಿಂತರು. ಅಂದು ಅವರ ತೂಕವೆಷ್ಟಿತ್ತೆಂದು ಕೇಳಲು ನಮಗಾರಿಗೂ ನೆನಪಾಗಲಿಲ್ಲ.

ಅಭ್ಯಾಸಕ್ಕೆ

1. ಒಬ್ಬರ ಆಹಾರದಲ್ಲಿ ದಿನಕ್ಕೆ 10 ಗ್ರಾಂ ಪ್ರೋಟೀನಿನ ಕೊರತೆಯಿದ್ದು, ಅದೆಲ್ಲವೂ ಮಾಂಸಖಂಡದಿಂದ ತುಂಬಲ್ಪಟ್ಟರೆ 30 ದಿನಗಳಲ್ಲಿ ಎಷ್ಟು ಮಾಂಸಖಂಡ ಕರಗುತ್ತದೆ?

2. ಹಾಲಿನ 100 ಮಿಲಿಲೀಟರಿನಲ್ಲಿ 3.2 ಗ್ರಾಂ ಪ್ರೋಟೀನಿದೆ. ಬರಿಯ ಹಾಲಿನಿಂದಲೇ 60 ಗ್ರಾಂ ಪಡೆಯಬೇಕಾದರೆ 100 ಮಿಲಿಲೀಟರಿನ ಎಷ್ಟು ಬಟ್ಟಲು ಬೇಕು?

3. ನಿಮ್ಮ ಮನೆಯ ಒಂದು ದಿನದ ಊಟದಲ್ಲಿ ಪ್ರತಿಯೊಬ್ಬರಿಗೂ ದೊರೆಯುವ ಪ್ರೋಟೀನನ್ನು ಲೆಕ್ಕಹಾಕಿ, ಅವರವರ ತೂಕಕ್ಕೆ ಬೇಕಾದುದರೊಡನೆ ಹೋಲಿಸಿರಿ. ಯಾರ ತಟ್ಟೆಯಲ್ಲಿ ಕೊರತೆಯಿದೆ?

ಉತ್ತರಗಳು: 1. ಒಂದೂವರೆ ಕಿಲೋಗ್ರಾಂ. 2. ಸುಮಾರು 19 ಬಟ್ಟಲು. 3. ಇದರ ಉತ್ತರ ನಿಮ್ಮ ಅಡಿಗೆಮನೆಯಲ್ಲಿದೆ.